ಲೆಕ್ಕಕ್ಕಿಲ್ಲದ ತಿಂಗಳು

ಈ ವರ್ಷ ಮತ್ತೆ ಅಧಿಕ ಮಾಸ ಬಂತು. ಪಕ್ಕದ ಮನೆಯ ಕಮಲಮ್ಮನವರು ಬೆಳಿಗ್ಗೆ ತಲೆಗೆ ನೀರೆರೆದುಕೊಂಡು, ಒದ್ದೆ ಕೂದಲಿಗೆ ಟವೆಲು ಸುತ್ತಿ, ತಟ್ಟೆಯ ತುಂಬ ಕಜ್ಜಾಯ ಜೋಡಿಸಿಕೊಂಡು ನಮ್ಮ ಮನೆಯ ಮೆಟ್ಟಿಲು ಹತ್ತಿದರು. ಎಣಿಸಿ ಮೂವತ್ತಮೂರು. ಅಧಿಕ ಮಾಸದ ದಾನವೆಂದರೆ ಅಷ್ಟೇ ಇರಬೇಕು, ಒಂದು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಅಗ್ರಹಾರದ ನಮ್ಮ ಬೀದಿಯಲ್ಲಿ ನಾನು ಮುತ್ತೈದೆ, ವಯಸ್ಸಾದವಳು, ಮೇಲಾಗಿ ರಿಟೈರಾಗಿ ಮನೆಯಲ್ಲೇ ಕೂತಿರುವವಳು. ದಾನ ಹಿಡಿಯಲು ಅವರಿಗೆ ನನಗಿಂತ ಅನುಕೂಲದವರು ಸಿಗುವುದಿಲ್ಲ.

ಕಜ್ಜಾಯ ತೆಗೆದುಕೊಂಡೆ. ಅದರ ಮೇಲಿಟ್ಟಿದ್ದ ಒಂದು ಮೊಳ ಮಲ್ಲಿಗೆಯನ್ನು ಮಾತ್ರ ಮೆಲ್ಲಗೆ ಅವರ ಕಡೆಗೇ ಸರಿಸಿದೆ.

“ಇದೇನ್ರೀ ಲಲಿತಮ್ಮ, ಮೈಸೂರಲ್ಲಿ ಹುಟ್ಟಿ ಬೆಳೆದು ಮಲ್ಲಿಗೆ ಬೇಡ ಅಂತೀರಲ್ಲ.”

“ಅಲರ್ಜಿ ಕಣ್ರೀ. ತಲೆನೋವು ಬರುತ್ತೆ.”

ಹೇಳಿದ್ದು ಸುಳ್ಳು. ನನಗೆ ಯಾವ ಅಲರ್ಜಿಯೂ ಇಲ್ಲ. ಕಮಲಮ್ಮ ಹೋದ ಮೇಲೂ ನಡುಮನೆಯಲ್ಲಿ ಆ ವಾಸನೆ ಉಳಿದಿತ್ತು. ಕಿಟಕಿ ತೆರೆದೆ, ಫ್ಯಾನು ಹಾಕಿದೆ. ಕಜ್ಜಾಯದ ಡಬ್ಬಿ ಮುಚ್ಚಿ, ಕುರ್ಚಿ ಎಳೆದುಕೊಂಡು ಕೂತು, ಹಿಂದಿನ ಅಧಿಕ ಮಾಸದಲ್ಲಿ ಶುರುವಾಗಿ ಮುಂದಿನ ಬೇಸಿಗೆಗೆ ಮುಗಿದ ಆ ಸಂಗತಿಯನ್ನು ಮತ್ತೆ ಮೊದಲಿನಿಂದ ನೆನೆದೆ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ, ಮನೆಯವರಿಗೂ ಹೇಳಿರಲಿಲ್ಲ.

ನಾನು ನರ್ಸ್. ಇನ್ನೂ ಸರಿಯಾಗಿ ಹೇಳಬೇಕೆಂದರೆ ಓದಿ ಪಾಸಾದ ಸೂಲಗಿತ್ತಿ. ಬೆಟ್ಟದ ತಪ್ಪಲಿನ ಕಡೆ ಇರುವ ಒಂದು ಚಿಕ್ಕ ಹೆರಿಗೆ ಆಸ್ಪತ್ರೆಯಲ್ಲಿ ನನ್ನ ಕೆಲಸದ ಬಹುಪಾಲು ಕಳೆಯಿತು. ನಮ್ಮಪ್ಪ ಅರಮನೆಯ ಹತ್ತಿರದ ಒಂದು ದೇವಸ್ಥಾನದಲ್ಲಿ ದಿನವೂ ಪಂಚಾಂಗ ಓದುತ್ತಿದ್ದವರು. ಮಗಳು ನರ್ಸಿಂಗ್ ಸೇರುತ್ತೇನೆಂದಾಗ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಅವರೇ ಕರೆದು, ಸೇರುವುದೇ ಆದರೆ ಒಳ್ಳೆಯ ದಿನ ನೋಡಿ ಸೇರು ಎಂದು ತಿಥಿ ನಕ್ಷತ್ರ ನೋಡಿಕೊಟ್ಟರು. ಹಾಗಾಗಿ ನಾನು ಆಸ್ಪತ್ರೆಗೆ ಹೋಗುವಾಗ ಬಿಳಿ ಕೋಟಿನ ಜೊತೆಗೆ ಅಪ್ಪನ ಮನೆಯ ಪಂಚಾಂಗವನ್ನೂ ತಲೆಯಲ್ಲಿ ಹೊತ್ತುಕೊಂಡೇ ಹೋದೆ. ಅದು ಅಲ್ಲಿ ಬಹಳ ಉಪಯೋಗಕ್ಕೆ ಬಂತು.

ಬಸುರಿ ಹೆಂಗಸು ಮೊದಲ ಸಲ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ, ಕೊನೆಯ ಸಲ ಮುಟ್ಟಾದದ್ದು ಯಾವತ್ತು ಎಂದು. ಆ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಹೆರಿಗೆಯ ದಿನ. ಅದನ್ನು ತಾಯಿ ಕಾರ್ಡಿನ ಮೇಲೆ ಬರೆದರೆ ಮುಂದಿನದೆಲ್ಲ ಆ ಒಂದು ದಿನದ ಮೇಲೆ ನಿಲ್ಲುತ್ತದೆ. ಯಾವಾಗ ಪರೀಕ್ಷೆ, ಯಾವಾಗ ಚುಚ್ಚುಮದ್ದು, ಎಷ್ಟು ದಿನ ಕಾಯಬೇಕು, ಯಾವಾಗ ಕಾಯಬಾರದು, ಎಲ್ಲವೂ. ಆದರೆ ನಮ್ಮ ಹೆಂಗಸರಲ್ಲಿ ಬಹಳ ಜನಕ್ಕೆ ತಾರೀಖು ನೆನಪಿರುವುದಿಲ್ಲ. ಹಬ್ಬ ನೆನಪಿರುತ್ತದೆ. ಮುಟ್ಟಾದರೆ ಪೂಜೆಗೆ ಕೂರುವಂತಿಲ್ಲವಲ್ಲ, ಹಾಗಾಗಿ ಯಾವ ಹಬ್ಬ ತಪ್ಪಿಹೋಯಿತು ಎಂಬುದನ್ನು ಅವರು ಮರೆಯುವುದಿಲ್ಲ. “ಗೌರಿ ಹಬ್ಬದ ಮಾರನೇ ದಿನ ಸಿಸ್ಟರ್,” “ಆಯುಧಪೂಜೆಗೆ ಎರಡು ದಿನ ಇತ್ತು ಸಿಸ್ಟರ್,” ಹೀಗೆ ಹೇಳುತ್ತಾರೆ. ಹೊಸದಾಗಿ ಬಂದ ನರ್ಸ್‌ಗಳು ಕಕ್ಕಾಬಿಕ್ಕಿಯಾಗಿ ಗೋಡೆಯ ಕ್ಯಾಲೆಂಡರು ಮಗುಚುತ್ತಾ ನಿಲ್ಲುತ್ತಿದ್ದರು. ನನ್ನ ಹತ್ತಿರ ಮಾತ್ರ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಪ್ರತಿ ಯುಗಾದಿಗೆ ಆ ವರ್ಷದ ಹಬ್ಬಗಳನ್ನೆಲ್ಲ ಪಂಚಾಂಗದಿಂದ ತಾರೀಖಿನ ಸಮೇತ ಅದರಲ್ಲಿ ಇಳಿಸಿಕೊಳ್ಳುತ್ತಿದ್ದೆ. ಎಲ್ಲರೂ ಅದನ್ನು ಲಲಿತಾ ಸಿಸ್ಟರ್ ಹಬ್ಬದ ಪುಸ್ತಕ ಎನ್ನುತ್ತಿದ್ದರು. ಡಾಕ್ಟರುಗಳೂ “ಸಿಸ್ಟರ್ ತೆಗೆದ ಡೇಟೇನಾ? ಹಾಗಾದ್ರೆ ಬಿಡಿ, ಸರಿಯಾಗಿರುತ್ತೆ” ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನಾನು ಒಳಗೊಳಗೇ ಉಬ್ಬುತ್ತಿದ್ದೆ. ಅದನ್ನು ಈಗ ಒಪ್ಪಿಕೊಳ್ಳುವುದರಲ್ಲಿ ಏನಿದೆ.

ಸವಿತ ಮೊದಲ ಸಲ ಬಂದದ್ದು ಸಂಕ್ರಾಂತಿ ಕಳೆದ ಒಂದು ವಾರಕ್ಕೆ. ಬೆಟ್ಟದ ಮೇಲಿನ ಊರಿನವಳು, ಸಣ್ಣ ಮೈ, ದೊಡ್ಡ ಕಣ್ಣು. ಜೊತೆಗೆ ಅತ್ತೆ ಚಿಕ್ಕತಾಯಮ್ಮ. ದೇವಸ್ಥಾನದ ಹಾದಿಯಲ್ಲಿ ಅವರದು ಹೂವು, ಹಣ್ಣುಕಾಯಿಯ ಅಂಗಡಿ. ಹೊಟ್ಟೆ ಆಗಲೇ ಚೆನ್ನಾಗಿ ಕಾಣುತ್ತಿತ್ತು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ನಾನು ರೇಗಿದೆ. ಚಿಕ್ಕತಾಯಮ್ಮ ದನಿ ತಗ್ಗಿಸಿ, ಹಿಂದಿನ ಎರಡು ಸಲ ಮೂರು ತಿಂಗಳಿಗೇ ಹೋಗಿತ್ತು, ಈ ಸಲ ಹೊಟ್ಟೆ ಕಾಣಿಸುವ ತನಕ ಯಾರಿಗೂ ಹೇಳುವುದು ಬೇಡ ಎಂದು ತಾವೇ ತಡೆದದ್ದಾಗಿ ಹೇಳಿದರು. ಮದುವೆಯಾಗಿ ಆರು ವರ್ಷವಾಗಿತ್ತಂತೆ. ಸೊಸೆಯ ಸೆರಗನ್ನು ಎಳೆದು ಹೊಟ್ಟೆಯ ಮೇಲೆ ಹೊದಿಸುತ್ತಾ ಮಾತಾಡುತ್ತಿದ್ದರು, ಆಸ್ಪತ್ರೆಯ ಒಳಗೂ ಯಾರದೋ ಕಣ್ಣು ಬಿದ್ದೀತೆಂಬ ಹಾಗೆ.

“ಕೊನೇ ಸಲ ಮುಟ್ಟಾಗಿದ್ದು ಯಾವಾಗಮ್ಮ?”

“ಆಸಾಡದ ರಷ್ಷು ಮುಗೀತಲ್ಲ ಸಿಸ್ಟರ್, ಅದಾಗಿ ಒಂದು ಶುಕ್ರವಾರ ಕಳೀತು. ಎರಡನೇ ಶುಕ್ರವಾರ ನಾನು ಅಂಗಡಿಗೆ ಹೋಗ್ಲಿಲ್ಲ. ಹೂವ ಮುಟ್ಟಂಗಿಲ್ಲ ಅಂತ ಮನೇಲೇ ಕುಂತಿದ್ದೆ.”

“ಅಂದ್ರೆ ಶ್ರಾವಣದ ಎರಡನೇ ಶುಕ್ರವಾರ. ವರಮಹಾಲಕ್ಷ್ಮಿ ಹಬ್ಬ ಅನ್ನು.”

ಅವಳು ಸ್ವಲ್ಪ ತಡೆದಳು. “ನಮ್ಮಲ್ಲಿ ಆ ಹಬ್ಬ ಮಾಡಲ್ಲ ಸಿಸ್ಟರ್.”

“ನೀನು ಮಾಡದೆ ಇದ್ರೂ ಹಬ್ಬ ಬರುತ್ತೆ ಕಣಮ್ಮ.”

ಬೆಂಚಿನ ಮೇಲಿದ್ದ ಹೆಂಗಸರೆಲ್ಲ ನಕ್ಕರು. ಅವಳೂ ನಾಚಿಕೊಂಡು ನಕ್ಕು, ಹೂಂ ಎಂದು ತಲೆಯಾಡಿಸಿದಳು. ನಾನು ಹಬ್ಬದ ಪುಸ್ತಕ ತೆರೆದು, ವರಮಹಾಲಕ್ಷ್ಮಿಯ ತಾರೀಖು ನೋಡಿ, ಬೆರಳು ಮಡಿಸಿ ಲೆಕ್ಕ ಹಾಕಿ, ಮೇ ತಿಂಗಳ ಕೊನೆಯ ದಿನವನ್ನು ಅವಳ ಕಾರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಎಲ್ಲ ಸೇರಿ ಎರಡು ನಿಮಿಷದ ಕೆಲಸ. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು.

ಸ್ಕ್ಯಾನಿಂಗ್ ಆಗುವಷ್ಟರಲ್ಲಿ ಮತ್ತೂ ಒಂದು ತಿಂಗಳು ದಾಟಿತು. ಒಂದು ಸಲ ಮೆಷಿನ್ ಕೆಟ್ಟಿತ್ತು, ಇನ್ನೊಂದು ಸಲ ಶಿವರಾತ್ರಿಯ ಅಂಗಡಿ ಬಿಟ್ಟು ಬರಲು ಅವಳಿಗೆ ಆಗಲಿಲ್ಲ. ರಿಪೋರ್ಟ್ ಬಂದಾಗ ನಮ್ಮ ಡಾಕ್ಟರಮ್ಮ, ಚಿಕ್ಕ ವಯಸ್ಸಿನವರು, ಅದನ್ನು ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು.

“ಸಿಸ್ಟರ್, ಇದರಲ್ಲಿ ಮೂರೂವರೆ ವಾರ ಜಾಸ್ತಿ ತೋರಿಸ್ತಿದೆ. ಡೇಟ್ ಸರಿ ಇದೆಯಾ?”

“ಇಷ್ಟು ತಡವಾಗಿ ಮಾಡಿದ ಸ್ಕ್ಯಾನಿಂಗ್ ನಂಬ್ಕೊಂಡು ಕೂತ್ರೆ ಆಗುತ್ತಾ ಡಾಕ್ಟರ್? ಮಗು ದಪ್ಪ ಇರಬೇಕು. ಡೇಟು ನಾನೇ ತೆಗೆದದ್ದು.”

ನಾನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ತಡವಾದ ಸ್ಕ್ಯಾನಿಂಗಿನಲ್ಲಿ ಒಂದೆರಡು ವಾರ ಆಚೀಚೆ ಆಗುವುದು ಉಂಟು. ಅವರು ಸಕ್ಕರೆ ಪರೀಕ್ಷೆ ಮಾಡಿಸಿದರು, ಸಕ್ಕರೆ ಇರಲಿಲ್ಲ. ಆಮೇಲೆ ಅವರೂ ನನ್ನ ಡೇಟನ್ನೇ ಇಟ್ಟುಕೊಂಡರು. ಅವರು ಹುಟ್ಟುವುದಕ್ಕೆ ಮುಂಚಿನಿಂದ ಹೆರಿಗೆ ಮಾಡಿಸುತ್ತಿರುವವಳ ಎದುರು ಆ ಹುಡುಗಿ ಏನು ತಾನೇ ವಾದ ಮಾಡಿಯಾಳು.

ಆ ಬೇಸಿಗೆಯಷ್ಟು ಸುಡುವ ಬೇಸಿಗೆಯನ್ನು ನಾನು ಮೈಸೂರಿನಲ್ಲಿ ಕಂಡಿರಲಿಲ್ಲ. ನಾಡಿಗೆಲ್ಲ ತಂಪು ಎಂದು ಹೆಸರಿರುವ ಊರು, ಯುಗಾದಿ ಕಳೆಯುತ್ತಲೇ ಕಾದ ಕಾವಲಿಯಾಯಿತು. ನಮ್ಮ ವಾರ್ಡಿನ ಶೀಟಿನ ಮಾಡಿನ ಕೆಳಗೆ ಬಸುರಿಯರು ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಾ ಮಲಗಿರುತ್ತಿದ್ದರು. ಸವಿತ ಬೆಟ್ಟದಿಂದ ಬಸ್ಸಿನಲ್ಲಿ ಇಳಿದು, ನಿಲ್ದಾಣದಿಂದ ನಡೆದು ಬರುವಷ್ಟರಲ್ಲಿ ಮುಖವೆಲ್ಲ ಕೆಂಪಾಗಿರುತ್ತಿತ್ತು. ಆದರೂ ಬಂದಾಗಲೆಲ್ಲ ನನಗೆಂದು ಏನಾದರೂ ತರುತ್ತಿದ್ದಳು. ಒಂದು ಸಲ ದೇವಿಯ ಕುಂಕುಮ, ಒಂದು ಸಲ ಬಾಳೆಹಣ್ಣು. ಹೊಟ್ಟೆಯ ಮೇಲೆ ಮೆಷಿನ್ ಇಟ್ಟು ಮಗುವಿನ ಎದೆಬಡಿತ ಕೇಳಿಸಿದಾಗ ಪ್ರತಿ ಸಲವೂ ಹೊಸದಾಗಿ ಕೇಳುವವಳ ಹಾಗೆ ಕಣ್ಣರಳಿಸುತ್ತಿದ್ದಳು. “ಇನ್ನೊಂಚೂರು ಇಡಿ ಸಿಸ್ಟರ್” ಎನ್ನುತ್ತಿದ್ದಳು. ನಾನು ಬೈದುಕೊಂಡೇ ಇನ್ನೊಂಚೂರು ಇಡುತ್ತಿದ್ದೆ. ನನಗೆ ಆ ಹುಡುಗಿ ಬಹಳ ಇಷ್ಟವಾಗಿದ್ದಳು.

ಮೇ ತಿಂಗಳ ನಡುವಿನಲ್ಲಿ, ಒಂದೆರಡು ಮಳೆ ಬಿದ್ದು ನೆಲ ಸ್ವಲ್ಪ ತಣ್ಣಗಾಗಿದ್ದ ದಿನ, ಅತ್ತೆ ಸೊಸೆ ಇಬ್ಬರೂ ಬಂದರು. ಸವಿತಳಿಗೆ ಕಾಲು ಊದಿರಲಿಲ್ಲ, ಬಿ.ಪಿ. ಸರಿಯಾಗಿತ್ತು, ಎದೆಬಡಿತ ಚೆನ್ನಾಗಿತ್ತು. ಮುಂದಿನ ವಾರ ಬಾ ಎಂದು ಕಾರ್ಡು ಕೊಟ್ಟೆ. ಚಿಕ್ಕತಾಯಮ್ಮ ಏಳಲಿಲ್ಲ.

“ನರ್ಸಮ್ಮ, ಹತ್ತನೇ ಅಮಾಸೆನೂ ಕಳೀತು. ದಿನ ಮೀರೈತೆ ಅನ್ಸುತ್ತೆ ನಂಗೆ. ಒಂದ್ಸಲ ಸರಿಯಾಗಿ ನೋಡವ್ವ.”

“ಅಮಾವಾಸ್ಯೆ ಲೆಕ್ಕ ಎಲ್ಲ ನಿಮ್ಮ ಕಾಲಕ್ಕೆ ಆಯ್ತಮ್ಮ. ಕಾರ್ಡ್ ಪ್ರಕಾರ ಇನ್ನೂ ಹದಿನೈದು ದಿನ ಇದೆ. ದಿನ ತುಂಬೋ ಮುಂಚೆ ನೋವು ಬರಿಸಿದ್ರೆ ಮಗೂನ ಗಾಜಿನ ಪೆಟ್ಟಿಗೇಲಿ ಇಡಬೇಕಾಗುತ್ತೆ. ಅದು ಬೇಕಾ ನಿಮಗೆ?”

ಗಾಜಿನ ಪೆಟ್ಟಿಗೆ ಎಂದದ್ದೇ ಆಕೆ ಹೆದರಿ ಎದ್ದರು. ಬಾಗಿಲ ತನಕ ಹೋಗಿ ಒಂದು ಸಲ ತಿರುಗಿ ನೋಡಿ ಹೋದರು. ಅವತ್ತು ಅವಳನ್ನು ಸೇರಿಸಿಕೊಂಡು ನೋವಿನ ಡ್ರಿಪ್ ಹಾಕಿದ್ದರೆ ಸಂಜೆಯೊಳಗೆ ಮಗು ಅಳುತ್ತಿತ್ತು. ಇದು ನನಗೆ ಖಂಡಿತವಾಗಿ ಗೊತ್ತು.

ಮುಂದಿನ ಬುಧವಾರ ಮಧ್ಯಾಹ್ನ ಜೋರು ಮಳೆ. ಆಟೋ ಒಂದು ಗೇಟಿನ ಒಳಗೇ ಬಂದು ನಿಂತಿತು. ಸವಿತ ಇಳಿದಳು. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು.

“ಬೆಳಿಗ್ಗೆಯಿಂದ ಮಿಸುಕ್ತಾ ಇಲ್ಲ ಸಿಸ್ಟರ್.”

ಮಲಗಿಸಿ ಮೆಷಿನ್ ಇಟ್ಟೆ. ಎಡಕ್ಕೆ ಇಟ್ಟೆ, ಬಲಕ್ಕೆ ಇಟ್ಟೆ, ಕೆಳಗೆ ಇಟ್ಟೆ. ಮಾಡಿನ ಶೀಟಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ, ಆ ಸದ್ದಿಗೆ ಕೇಳಿಸುತ್ತಿಲ್ಲ ಎಂದುಕೊಂಡೆ. ಕಿಟಕಿ ಮುಚ್ಚಿಸಿದೆ. ಬೇರೆ ಮೆಷಿನ್ ತರಿಸಿದೆ. ಸವಿತ ಈ ಸಲ ಇನ್ನೊಂಚೂರು ಇಡಿ ಎನ್ನಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಡಾಕ್ಟರಮ್ಮ ಬಂದು ಸ್ಕ್ಯಾನ್ ಮಾಡಿದರು. ಆಮೇಲೆ ಅವರು ಮೆಲ್ಲಗೆ ಹೇಳಿದ್ದನ್ನು ಅವಳು ಕೇಳಿ, “ಅಂಗಾದ್ರೆ ಬೇಗ ಆಪರೇಶನ್ ಮಾಡಿ ತೆಗೀರಿ ಮೇಡಂ” ಅಂದಳು. ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ. ಎರಡನೆಯ ಸಲ ಹೇಳಬೇಕಾಯಿತು, ಅದನ್ನು ನಾನೇ ಹೇಳಿದೆ.

ಮಾರನೆಯ ದಿನ ಹತ್ತು ಗಂಟೆಗೆ ಹೆರಿಗೆಯಾಯಿತು. ಸತ್ತ ಮಗುವನ್ನು ಹೆರುವಾಗಲೂ ನೋವು ಅಷ್ಟೇ ಇರುತ್ತದೆ, ಒಂದು ಚೂರೂ ಕಡಿಮೆ ಇರುವುದಿಲ್ಲ. ಗಂಡು ಮಗು. ನನ್ನ ಕೈಗೇ ಬಂತು. ತಲೆ ತುಂಬ ಕೂದಲು. ಎತ್ತಿಕೊಂಡ ಕೂಡಲೇ ನನ್ನ ಕೈಗೆ ಗೊತ್ತಾಯಿತು. ದಿನಕ್ಕೆ ಸರಿಯಾಗಿ ಅಥವಾ ಮುಂಚೆ ಹುಟ್ಟುವ ಮಗುವಿನ ಮೈಮೇಲೆ ಬೆಣ್ಣೆಯಂಥ ಬಿಳಿಯ ಲೇಪ ಇರುತ್ತದೆ. ಇದಕ್ಕೆ ಅದರ ಸುಳಿವೇ ಇರಲಿಲ್ಲ. ಚರ್ಮ ಒಣಗಿ, ಅಂಗೈ ಅಂಗಾಲಿನಲ್ಲಿ ಸುಲಿದಿತ್ತು. ಉಗುರು ಬೆರಳಿನ ತುದಿ ದಾಟಿ ಬೆಳೆದಿತ್ತು. ಅದು ಒಂದು ವಾರ ಮುಂಚೆ ಬಂದ ಮಗುವಲ್ಲ. ಬರಬೇಕಾದ ದಿನ ಕಳೆದು ಮೂರು ವಾರದ ಹತ್ತಿರ ಹತ್ತಿರ ಒಳಗೇ ಉಳಿದಿತ್ತು. ನಾನು ಅದನ್ನು ಒರೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿದೆ. ಸುತ್ತುವಾಗ ಆ ಕೈಗಳನ್ನು ಒಳಗೆ ಮುಚ್ಚಿದೆ. ಚಿಕ್ಕತಾಯಮ್ಮ ಉಗುರು ನೋಡುವುದು ನನಗೆ ಬೇಡವಾಗಿತ್ತು.

ಡ್ಯೂಟಿ ಮುಗಿಸಿ ಸೀದಾ ಮನೆಗೆ ಬಂದೆ. ಅಪ್ಪ ಹೋಗಿ ವರ್ಷಗಳಾಗಿದ್ದರೂ ಅವರ ಅಭ್ಯಾಸ ಬಿಡದೆ ಪ್ರತಿ ವರ್ಷ ಪಂಚಾಂಗ ಕೊಂಡು, ಹಳೆಯದನ್ನು ದೇವರ ಮನೆಯ ಅಟ್ಟದಲ್ಲಿ ಕಟ್ಟಿಡುತ್ತಿದ್ದೆ. ಸ್ಟೂಲು ಹತ್ತಿ ಹಿಂದಿನ ವರ್ಷದ್ದನ್ನು ತೆಗೆದೆ. ಆಷಾಢ ಬಹುಳ ಅಮಾವಾಸ್ಯೆ. ಪುಟ ತಿರುಗಿಸಿದರೆ ಅಧಿಕ ಶ್ರಾವಣ ಶುದ್ಧ ಪಾಡ್ಯ. ಅಧಿಕ ಶ್ರಾವಣದ ಒಂದು ಇಡೀ ತಿಂಗಳು. ಅದು ಮುಗಿದ ಮೇಲೆ ನಿಜ ಶ್ರಾವಣ, ಅದರ ಎರಡನೆಯ ಶುಕ್ರವಾರ ವರಮಹಾಲಕ್ಷ್ಮಿ.

ಆಷಾಢ ಮುಗಿದು ಎರಡನೆಯ ಶುಕ್ರವಾರ ಎಂದು ಸವಿತ ಹೇಳಿದ್ದಳು. ಅಂಗಡಿಯವಳು, ಆಷಾಢದ ಜನಜಂಗುಳಿ ಮುಗಿದ ಮೇಲಿನ ಒಂದೊಂದು ಶುಕ್ರವಾರವೂ ಅವಳಿಗೆ ಗೊತ್ತಿತ್ತು. ಅವಳು ಹೇಳಿದ್ದು ಜುಲೈ ತಿಂಗಳ ದಿನ. ನಾನು ಬರೆದುಕೊಂಡದ್ದು ಆಗಸ್ಟಿನ ದಿನ. ನಡುವಿನ ನಾಲ್ಕು ವಾರವನ್ನು ನುಂಗಿಹಾಕಿದ್ದೆ. ಹಬ್ಬದ ಪುಸ್ತಕದಲ್ಲಿ ಅಧಿಕ ಶ್ರಾವಣದ ಹೆಸರೇ ಇರಲಿಲ್ಲ, ಯಾಕೆಂದರೆ ಅಧಿಕ ಮಾಸದಲ್ಲಿ ಹಬ್ಬಗಳಿಲ್ಲ. ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವಿಲ್ಲ. ನಮ್ಮಪ್ಪ ಅದನ್ನು ಲೆಕ್ಕಕ್ಕಿಲ್ಲದ ತಿಂಗಳು ಎನ್ನುತ್ತಿದ್ದರು. ಅದೇ ತಿಂಗಳಲ್ಲಿ ನಾನೂ ಮಡಿಯುಟ್ಟು ಕಜ್ಜಾಯ ಕರಿದು ದಾನ ಕೊಟ್ಟಿದ್ದೆ, ಆರು ತಿಂಗಳು ಕಳೆಯುವಷ್ಟರಲ್ಲಿ ಅದು ಬಂದಿತ್ತು ಎಂಬುದನ್ನೇ ಮರೆತಿದ್ದೆ. ಓದು ಬರಹ ಬಾರದ ಚಿಕ್ಕತಾಯಮ್ಮ ಅಮಾವಾಸ್ಯೆ ಎಣಿಸಿದ್ದರು. ಆಕಾಶದ ಚಂದ್ರನಿಗೆ ಅಧಿಕ, ನಿಜ ಎಂಬುದೇನೂ ಇಲ್ಲ. ಆಕೆಯ ಲೆಕ್ಕ ಸರಿಯಾಗಿತ್ತು. ಪಂಚಾಂಗದ ಮನೆಯಲ್ಲಿ ಹುಟ್ಟಿದ ನನ್ನ ಲೆಕ್ಕ ತಪ್ಪಿತ್ತು.

ಸ್ಟೂಲಿನ ಮೇಲೆಯೇ ಅಳುತ್ತಾ ಕೂತೆ. ಮನೆಯವರು ಬಂದು ಏನಾಯಿತೆಂದು ಕೇಳಿದರು. ಆಸ್ಪತ್ರೆಯಲ್ಲಿ ಒಂದು ಮಗು ಹೋಯಿತು ಅಂದೆ. ಇಷ್ಟು ವರ್ಷ ನೋಡಿದವಳು ಇದಕ್ಕೆ ಯಾಕೆ ಹೀಗೆ ಎಂದು ಅವರು ಕಾಫಿ ಮಾಡಿಕೊಟ್ಟರು.

ಮರುದಿನ ವಾರ್ಡಿಗೆ ಹೋದಾಗ ನಡೆದದ್ದನ್ನು ಹೇಳಿಬಿಡಬೇಕೆಂದೇ ಹೋದೆ. ಬಾಗಿಲಲ್ಲೇ ಚಿಕ್ಕತಾಯಮ್ಮನ ದನಿ ಕೇಳಿಸಿತು. ಡಾಕ್ಟರಮ್ಮ ಅವರಿಗೆ ಕಾರಣ ವಿವರಿಸುತ್ತಾ, ತಾಯಿ ಕೊಟ್ಟ ಡೇಟು ತಪ್ಪಿತ್ತು, ಹಾಗಾಗಿ ದಿನ ಮೀರಿದ್ದು ಯಾರಿಗೂ ಗೊತ್ತಾಗಲಿಲ್ಲ ಎಂದು ಹೇಳಿ ಹೋಗಿದ್ದರು. ಡಾಕ್ಟರಮ್ಮನಿಗೆ ತಿಳಿದಿದ್ದೂ ಅಷ್ಟೇ.

“ಬಡ್ಕಂಡೆ ಕಣೇ ನಾನು. ಅಮಾಸೆ ಹತ್ತಾಯ್ತು ಅಂತ ಬಡ್ಕಂಡೆ. ನೀನಿಲ್ಲಿ ಅದೇನ್ ಡೇಟ್ ಯೋಳಿದ್ದೆ? ನಿನ್ ಮುಟ್ಟು ನಿಂಗೇ ಗ್ಯಾಪಕ ಇಲ್ವಾ?”

ಸವಿತ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅತ್ತೆ ಹೊರಗೆ ಹೋದ ಮೇಲೆ ನನ್ನ ಕಡೆ ನೋಡಿದಳು.

“ಸಿಸ್ಟರ್, ನಾನ್ ತಪ್ಪು ಯೋಳಿದ್ನಾ?”

ಆಗ ಒಂದು ಮಾತು ಸಾಕಿತ್ತು. ಇಲ್ಲಮ್ಮ ಎಂದರೆ ಸಾಕಿತ್ತು. ನಾನು ಅವಳ ಹೊದಿಕೆ ಸರಿಮಾಡಿ, “ಈಗ ಅದೆಲ್ಲ ಯೋಚಿಸಬೇಡ ಕಣಮ್ಮ, ಮಲ್ಕೋ” ಅಂದೆ. ಅದು ಸುಳ್ಳಿಗಿಂತ ಕೆಟ್ಟದ್ದಾಗಿತ್ತು. ಅವಳು ಅದನ್ನೇ ಉತ್ತರವೆಂದು ತಿಳಿದುಕೊಂಡಳು. ತಲೆಯಾಡಿಸಿದಳು, ಸಂಕ್ರಾಂತಿಯಾದ ಮೇಲೆ ಬಂದ ದಿನ ತಲೆಯಾಡಿಸಿದ್ದ ಹಾಗೆಯೇ.

ಮೂರನೆಯ ದಿನ ಎದೆಗೆ ಹಾಲಿಳಿಯಿತು. ಮೈಗೆ ಮಗು ಇಲ್ಲವೆಂಬುದು ಗೊತ್ತಾಗುವುದಿಲ್ಲ. ಎದೆ ಕಲ್ಲಿನಂತೆ ಬಿಗಿದು, ಜ್ವರ ಬಂದು, ರವಿಕೆಯೆಲ್ಲ ಒದ್ದೆಯಾಗಿ ಅವಳು ನರಳುತ್ತಿದ್ದಳು. ಚಿಕ್ಕತಾಯಮ್ಮ ಬೆಟ್ಟಕ್ಕೆ ಹೋಗಿ ಅಂಗಡಿಯಿಂದ ಒಂದು ಬುಟ್ಟಿ ಮಲ್ಲಿಗೆ ತಂದರು. ಹಾಲು ಬತ್ತಿಸಲು ಮಲ್ಲಿಗೆ ಹೂವನ್ನು ಎದೆಗೆ ಕಟ್ಟುವುದು ನಮ್ಮ ಕಡೆಯ ಹಳೆಯ ಮದ್ದು. ಎರಡು ದಿನದಿಂದ ಬೈಯುತ್ತಿದ್ದ ಆಕೆ ಅವತ್ತು ಬೈಯಲಿಲ್ಲ. ಬಾಯಿ ಬಿಗಿಹಿಡಿದು ಮಾಲೆಯನ್ನು ಸುತ್ತು ಸುತ್ತಿ, ಮೇಲೆ ಬಟ್ಟೆ ಬಿಗಿದು, ಅದರ ತುದಿಗಳನ್ನು ಗಂಟು ಹಾಕಲು ನನ್ನ ಕೈಗೆ ಕೊಟ್ಟರು. ನಾನು ಗಂಟು ಹಾಕಿದೆ. ಬಾಡುತ್ತಿರುವ ಮಲ್ಲಿಗೆ, ಹಾಲು, ಬೆವರು, ಫಿನಾಯಿಲು, ಎಲ್ಲ ಸೇರಿದ ವಾಸನೆ ಆ ಬೇಸಿಗೆಯ ವಾರ್ಡಿನಲ್ಲಿ ಎರಡು ದಿನ ನಿಂತಿತ್ತು. ಅಂದಿನಿಂದ ನಾನು ಮಲ್ಲಿಗೆ ಮುಡಿಯುವುದಿಲ್ಲ.

ಮಗು ಹೋದರೆ ಆಸ್ಪತ್ರೆಯಲ್ಲಿ ಒಂದು ಮೀಟಿಂಗ್ ಮಾಡಿ ಕಾರಣ ಬರೆಯಬೇಕು. ಹದಿನೈದು ದಿನದ ಮೇಲೆ ಅದು ನಡೆಯಿತು. ಡಾಕ್ಟರಮ್ಮ ಬರೆದದ್ದನ್ನು ಓದಿದರು. ಗರ್ಭಿಣಿ ತಡವಾಗಿ ಬಂದಿದ್ದರು, ಕೊನೆಯ ಮುಟ್ಟಿನ ದಿನವನ್ನು ತಪ್ಪಾಗಿ ತಿಳಿಸಿದ್ದರು. ಓದಿ ತಲೆಯೆತ್ತಿ, “ಅಲ್ವಾ ಸಿಸ್ಟರ್?” ಎಂದು ಕೇಳಿದರು.

“ಹೌದು” ಅಂದೆ.

ಪಿಂಚಣಿ ಹೋದೀತೆಂದು ಹೆದರಿ ಹಾಗಂದೆ ಎಂದು ಹೇಳಿಕೊಂಡರೆ ಸ್ವಲ್ಪ ಸುಲಭ. ನಿಜ ಅದಲ್ಲ. ಸತ್ಯ ಹೇಳಿದ್ದರೆ ಆ ಚಿಕ್ಕ ಡಾಕ್ಟರಮ್ಮ ನನ್ನ ಪರವಾಗಿಯೇ ನಾಲ್ಕು ಮಾತು ಬರೆಯುತ್ತಿದ್ದರು. ನನ್ನ ಡೇಟು ತಪ್ಪುವುದಿಲ್ಲ ಎಂಬ ಮಾತು ಆ ಕೋಣೆಯಲ್ಲಿ ಸುಳ್ಳಾಗುವುದನ್ನು ನನಗೆ ನೋಡಲಾಗಲಿಲ್ಲ, ಅಷ್ಟೇ. ಮೀಟಿಂಗ್ ಮುಗಿಸಿ ಬಂದು ಹಬ್ಬದ ಪುಸ್ತಕ ತೆಗೆದು, ಆಷಾಢಕ್ಕೂ ವರಮಹಾಲಕ್ಷ್ಮಿಗೂ ನಡುವೆ ‘ಅಧಿಕ ಶ್ರಾವಣ’ ಎಂದು ಕೆಂಪು ಶಾಯಿಯಲ್ಲಿ ಸೇರಿಸಿದೆ. ಪುಸ್ತಕ ತಿದ್ದಿದೆ. ವರದಿಯಲ್ಲಿ ಸವಿತಳ ಹೆಸರಿನ ಮುಂದೆ ಬರೆದದ್ದನ್ನು ತಿದ್ದಲಿಲ್ಲ. ಮುಂದಿನ ವರ್ಷ ರಿಟೈರಾದಾಗ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನನ್ನ ಲೆಕ್ಕದ ಬಗ್ಗೆಯೇ ಇಬ್ಬರು ಭಾಷಣ ಮಾಡಿದರು. ನಾನು ನಗುತ್ತಾ ಕೂತಿದ್ದೆ.

ಕಮಲಮ್ಮ ಕಜ್ಜಾಯ ಕೊಟ್ಟುಹೋದ ಮೂರನೆಯ ದಿನ ನಾನು ಬೆಟ್ಟದ ಬಸ್ಸು ಹತ್ತಿದೆ. ಎರಡು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ತಿರುವುಗಳಲ್ಲಿ ಊರು ಕೆಳಗೆ ಕಾಣುತ್ತಿತ್ತು, ನಾನು ಮಾತ್ರ ಹೇಳಬೇಕಾದ ಮಾತನ್ನು ಬಾಯಲ್ಲಿ ಮತ್ತೆ ಮತ್ತೆ ಜೋಡಿಸಿಕೊಳ್ಳುತ್ತಿದ್ದೆ. ಅವಳು ಬೈದರೆ ಬೈಯಲಿ, ಜನರ ಮುಂದೆ ಕೂಗಾಡಿದರೂ ಆಗಲಿ ಎಂದುಕೊಂಡಿದ್ದೆ. ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಸವಿತ ತಟ್ಟೆಗಳಿಗೆ ತೆಂಗಿನಕಾಯಿ, ಬಾಳೆಹಣ್ಣು, ಊದುಕಡ್ಡಿ ಹೊಂದಿಸುತ್ತಿದ್ದಳು. ಒಂದಿಷ್ಟು ಇಳಿದುಹೋಗಿದ್ದಳು. ಅಂಗಡಿಯಲ್ಲೋ ಹಿಂದಿನ ಮನೆಯಲ್ಲೋ ಮಗುವಿನ ಗುರುತು ಯಾವುದೂ ಕಾಣಲಿಲ್ಲ.

“ಸಿಸ್ಟರ್,” ಎಂದು ಎದ್ದು ಸ್ಟೂಲು ಒರೆಸಿದಳು. “ಕುಂತ್ಕಳಿ. ದರ್ಶನ ಆಯ್ತಾ?”

“ದರ್ಶನಕ್ಕೆ ಬರಲಿಲ್ಲ. ನಿನ್ನನ್ನ ನೋಡಕ್ಕೆ ಬಂದೆ.”

ಕೂತೆ. ಕುಶಲ ಕೇಳಿದರೆ ಧೈರ್ಯ ಹೋಗಿಬಿಡುತ್ತದೆಂದು ಸೀದಾ ಹೇಳಿದೆ.

“ಸವಿತ, ನೀನು ಅವತ್ತು ಡೇಟು ತಪ್ಪು ಹೇಳಿರಲಿಲ್ಲ. ಸರಿಯಾಗೇ ಹೇಳಿದ್ದೆ. ನಾನು ಬರ್ಕೊಳ್ಳುವಾಗ ಒಂದು ತಿಂಗಳು ತಪ್ಪು ಮಾಡಿದೆ. ಆ ವರ್ಷ ಅಧಿಕ ಮಾಸ ಇತ್ತು, ಅದನ್ನ ಮರೆತೆ. ನಿಮ್ಮತ್ತೆ ಲೆಕ್ಕವೇ ಸರಿ ಇತ್ತು. ಮಗು ಹೋಗಿದ್ದು ನನ್ನಿಂದ.”

ಅವಳ ಕೈ ನಿಲ್ಲಲಿಲ್ಲ. ಇನ್ನೂ ಎರಡು ತಟ್ಟೆ ಹೊಂದಿಸಿದಳು. ಆಮೇಲೆ ಕೇಳಿದಳು.

“ನಿಮ್ಗೆ ಯಾವತ್ತು ಗೊತ್ತಾಯ್ತು?”

ಈ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ.

“ಅವತ್ತೇ. ಮಗೂನ ನೋಡಿದ ಕೂಡಲೇ.”

ಅವಳು ನನ್ನನ್ನೇ ನೋಡಿದಳು. ಕೋಪವಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

“ಅತ್ತೆ ಹೋಗ್ಬುಟ್ರು ಸಿಸ್ಟರ್. ದೀಪಾವಳಿ ಆದ್ಮೇಲೆ. ಮೂರು ತಿಂಗಳು ಮಲಗಿದ್ರು, ಎಲ್ಲಾ ನಾನೇ ಮಾಡ್ದೆ. ಮಾತು ನಿಲ್ಲೋ ಮುಂಚೆ ಒಂದಿನ ನನ್ನ ಕೈ ಹಿಡ್ಕಂಡ್ರು. ಮಗೀನ್ ಇಸ್ಯ ನಾನು ಹೊಟ್ಟೇಲಿ ಇಟ್ಕಂಡಿಲ್ಲ ಕಣ್ ಸವಿತ, ನಿಂಗೂ ಗೊತ್ತಾಗ್ಲಿಲ್ಲ, ಹೋಗ್ಲಿ ಬುಡು ಅಂದ್ರು.”

ಊದುಕಡ್ಡಿಯ ಕಟ್ಟು ಬಿಚ್ಚಿ ಮುಂದಿನ ತಟ್ಟೆಗೆ ಎರಡು ಕಡ್ಡಿ ಇಟ್ಟಳು.

“ನಾನು ಅವ್ರ ಕಾಲು ಮುಟ್ಟಿ, ತಪ್ಪಾಯ್ತು ಅತ್ತೆ ಅಂದೆ. ಅಂದ್ಬುಟ್ಟೆ ಸಿಸ್ಟರ್ ನಾನು.”

ತಪ್ಪಾಯ್ತು ಎಂಬ ಆ ಒಂದು ಮಾತನ್ನೇ ನಾನು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅದು ಈಗ ಬಾಯಿಂದ ಹೊರಡಲಿಲ್ಲ. ನನ್ನ ಬದಲು ಅವಳು ಅದನ್ನು ಆಗಲೇ ಹೇಳಿಯಾಗಿತ್ತು, ಕೇಳಬೇಕಾದವರು ಅದನ್ನೇ ನಿಜವೆಂದು ನಂಬಿಕೊಂಡು ಹೋಗಿಯೂ ಆಗಿತ್ತು. ಯಾರೋ ಯಾತ್ರಿಕರು ಬಂದು ಎರಡು ತಟ್ಟೆ ಕೇಳಿದರು. ಸವಿತ ಕೊಟ್ಟಳು, ಚಪ್ಪಲಿ ಇಲ್ಲೇ ಬಿಡಿ ಎಂದು ಅವರಿಗೆ ಜಾಗ ತೋರಿಸಿದಳು. ನಾನು ಎದ್ದು ನಿಂತದ್ದನ್ನು ನೋಡಿ ಸ್ಟೂಲನ್ನು ಒಳಗೆ ಎಳೆದುಕೊಂಡಳು.

“ಹೋಗಿ ಸಿಸ್ಟರ್” ಅಂದಳು. ಹೋಗಿ ಬನ್ನಿ ಅನ್ನಲಿಲ್ಲ.